ಫಲಿತಾಂಶದ ಪುಟ

ಅಕ್ಕ ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಬಿಡಿಸಿ ಅವಳ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಅಪ್ಪ ತೀರಿಕೊಂಡಾಗ ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಮೂವತ್ತು ದಾಟಿದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದಳು. ಅಂಗನವಾಡಿಯ ಕೆಲಸ ಸಿಕ್ಕೀತೆಂಬ ಆಸೆ ಅವಳಿಗೆ.

ಮನೆಯಲ್ಲಿ ಅಮ್ಮ, ಅಕ್ಕ, ನಾನು ಮೂವರೇ. ಆಗ ನಾನು ರಾಮನಗರದ ಕಡೆ ಹೊಸದಾಗಿ ಶುರುವಾಗಿದ್ದ ಗಾರ್ಮೆಂಟ್ಸಿನಲ್ಲಿದ್ದೆ. ಕೈಯಲ್ಲೊಂದು ಸೆಕೆಂಡ್‌ಹ್ಯಾಂಡ್ ಮೊಬೈಲ್ ಇತ್ತು. ಫಲಿತಾಂಶ ಮೊದಲು ಇಂಟರ್‌ನೆಟ್ಟಿನಲ್ಲಿ, ಮರುದಿನ ಶಾಲೆಯ ಬೋರ್ಡಿನಲ್ಲಿ ಬರುತ್ತಿತ್ತು. ಫೋನಿನಲ್ಲೇ ನೋಡಿ ಹೇಳುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ.

ಫಲಿತಾಂಶದ ದಿನ ಫೋನಿನಲ್ಲಿದ್ದ ಬ್ರೌಸರ್ ಆ ಪುಟವನ್ನು ತೆರೆಯಲೇ ಇಲ್ಲ. ಪುಟ ದೊಡ್ಡದಾಯಿತೆಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು. ಮೊಬೈಲ್ ಅಂಗಡಿಯವನು ಬೇರೊಂದು ಬ್ರೌಸರ್ ಹಾಕಲು ನೋಡಿದ, ಜಾಗ ಸಾಲಲಿಲ್ಲ. ಇದ್ದ ಹಾಡುಗಳನ್ನೆಲ್ಲ ಅಳಿಸಿದೆ. ಹಾಕಿದ್ದೇನೋ ಆಯಿತು, ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು.

“ಈ ಸೆಟ್‌ಗೆ ಹೊಸ್ದು ಓಡಲ್ಲ ಕಣಕ್ಕ. ಹಳೇದು ಹಾಕ್ಕೊಡ್ತೀನಿ, ಒಸಿ ತಡೀರಿ” ಎಂದ ಅವನು.

ಮನೆಗೆ ಬಂದು, ಸಿಗ್ನಲ್‌ಗಾಗಿ ತಾರಸಿ ಹತ್ತಿದೆ. ಅರ್ಧ ಪುಟ ಬಂದು ನಿಲ್ಲುವುದು, ಸಂಪರ್ಕ ಕಡಿಯುವುದು, ಮತ್ತೆ ಮೊದಲಿನಿಂದ ಅಕ್ಕನ ರಿಜಿಸ್ಟರ್ ನಂಬರ್ ಒತ್ತುವುದು. ಕೆಳಗಿನಿಂದ ಅಕ್ಕ ಆಗಾಗ ಕೇಳುತ್ತಿದ್ದಳು, “ಬಂತೇನೆ?”

“ಇನ್ನೂ ಇಲ್ಲ ಕಣಕ್ಕ.”

ಹೊತ್ತು ಮುಳುಗುವಾಗ ಪುಟ ಬಂತು. ಪರದೆ ಚಿಕ್ಕದು, ಅಂಕಗಳನ್ನು ಒಂದೊಂದೇ ಸರಿಸಿ ನೋಡಬೇಕಿತ್ತು. ಕನ್ನಡದಲ್ಲಿ ಒಳ್ಳೆಯ ಅಂಕ. ಗಣಿತದಲ್ಲಿ ಇಪ್ಪತ್ತೊಂಬತ್ತು, ಫೇಲು. ಫೋನೇ ತಪ್ಪು ತೋರಿಸಿರಬಹುದೆಂದು ಇನ್ನೊಮ್ಮೆ ತೆರೆದೆ. ಆಗಲೂ ಅಷ್ಟೇ.

ಕೆಳಗಿಳಿದು ಬಂದಾಗ ಅಕ್ಕ ಮುಖ ತೊಳೆದು, ಹಣೆಗಿಟ್ಟುಕೊಂಡು ಕೂತಿದ್ದಳು.

“ತೆಗೀಲೇ ಇಲ್ಲ ಕಣಕ್ಕ. ಈ ದರಿದ್ರದ್ದು ಕೈ ಕೊಡ್ತು” ಎಂದೆ.

ಮಧ್ಯಾಹ್ನದಿಂದ ನಾನು ಪಟ್ಟ ಪಾಡನ್ನು ಕಂಡಿದ್ದ ಅವಳು ನಂಬಿದಳು. “ಹೋಗ್ಲಿ ಬುಡು, ನೀನೇನ್ ಮಾಡೀಯ” ಎಂದು ನನಗೇ ಸಮಾಧಾನ ಹೇಳಿ ಊಟಕ್ಕೆ ಬಡಿಸಿದಳು.

ಬೆಳಿಗ್ಗೆ ಅವಳೊಬ್ಬಳೇ ಶಾಲೆಗೆ ಹೋಗಿ ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು: “ನಿಂಗೆ ನೆನ್ನೇನೇ ಗೊತ್ತಿತ್ತಾ?”

ನಾನು ತಲೆ ತಗ್ಗಿಸಿದೆ.

“ಹೇಳ್ಬೇಕಿತ್ತು. ಇಲ್ಲೇ ಅತ್ತು ಮುಗಿಸ್ತಿದ್ದೆ. ಅಲ್ಲಿ ಆ ಮಕ್ಳ ಮಧ್ಯೆ ನಿಂತು ಓದ್ಕೊಂಡೆ.”

ಬೈಯಲಿಲ್ಲ. ಸೀರೆ ಬದಲಿಸಿ ಕೆಲಸಕ್ಕೆ ಹೊರಟಳು. ಎರಡು ತಿಂಗಳ ನಂತರ ಗಣಿತವನ್ನು ಮತ್ತೆ ಬರೆದು ಪಾಸಾದಳು. ಆ ಫಲಿತಾಂಶ ಯಾವತ್ತು ಬರುತ್ತದೆಂದು ನನಗೆ ಹೇಳಿರಲೇ ಇಲ್ಲ. ಒಂದು ಸಂಜೆ ಅವಳು ಬಂದು ಅಮ್ಮನಿಗೆ ಹೇಳುವಾಗ ನನಗೂ ಕೇಳಿಸಿತು.