ಇನ್ನೂರು ಕುದುರೆಗಳ ಹಂತಿ

ಕಳೆದ ಭಾನುವಾರ ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿ ಇನ್ನೂರು ಕುದುರೆಗಳ ಶಕ್ತಿಯ ಕಾರೊಂದು ಹುರುಳಿ ಕಂಡು ನಿಂತುಬಿಟ್ಟಿತು.

ಕುದುರೆಗಳು ಹುರುಳಿ ಕಂಡರೆ ನಿಲ್ಲುವುದು ಸಹಜವೇ ಎಂದು ನೀವು ಅನ್ನಬಹುದು. ಆದರೆ ನಡೆಸುತ್ತಿದ್ದವನು ಬ್ರೇಕ್ ಒತ್ತಿರಲಿಲ್ಲ. ಕಾರು ತಾನಾಗಿಯೇ ನಿಂತಿತ್ತು. ಹಿಂದೆ ಕೂತಿದ್ದ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. (ಹಿಂದಿನವರೂ ಬೆಲ್ಟ್ ಹಾಕಿಕೊಳ್ಳಬೇಕಂತೆ. ಆಮೇಲೆ ಹೇಳಿದರು.)

ಮೊದಲಿನಿಂದ ಹೇಳುತ್ತೇನೆ.

ನಡೆಸುತ್ತಿದ್ದವನು ಶರಣು, ನನ್ನ ಹೆಂಡತಿಯ ತಮ್ಮ. ಕುಷ್ಟಗಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ಇವತ್ತು ಯಲಬುರ್ಗಾ, ನಾಳೆ ಕೊಪ್ಪಳ, ನಾಡಿದ್ದು ಗಂಗಾವತಿ ಎಂದು ದಿನಾ ತಿರುಗುವ ಮನುಷ್ಯ. ಹೋದ ಮಳೆಗಾಲದಲ್ಲಿ ಅವನ ಸಣ್ಣ ಕಾರು ಒಂದು ಹಳ್ಳದ ಕೆಸರಲ್ಲಿ ಕೂತು, ಟ್ರ್ಯಾಕ್ಟರ್ ಬರುವವರೆಗೆ ಏಳಲಿಲ್ಲ. ಅವತ್ತೇ ತೀರ್ಮಾನಿಸಿದ. ಎಸ್‌ಯುವಿ ತಗೊಳ್ಳಬೇಕು. ಅದೂ ಬರೀ ಎಸ್‌ಯುವಿ ಅಲ್ಲ, ಪರ್ಫಾರ್ಮೆನ್ಸ್ ಇರುವ ಎಸ್‌ಯುವಿ.

ಆರು ತಿಂಗಳು ಯೂಟ್ಯೂಬ್ ನೋಡಿದ. ಊಟಕ್ಕೆ ಕೂತರೆ ಟಾರ್ಕು, ಫೋನ್ ಮಾಡಿದರೆ ಟರ್ಬೊ. ನ್ಯೂಟನ್ ಮೀಟರ್ ಎಂದರೆ ಏನೋ ಎಂದು ಒಂದು ಸಲ ಕೇಳಿದೆ. ಹೇಳಿದ. (ಕೇಳಬಾರದಿತ್ತು.)

ಕೊನೆಗೆ ಎರಡು ಗಾಡಿ ಉಳಿದವು. ಒಂದು ಕಪ್ಪು, ಒಂದು ಬಿಳಿ. ಕಂಪನಿಗಳ ಹೆಸರು ಹೇಳುವುದಿಲ್ಲ. ಅವರು ನನಗೇನೂ ಕೊಟ್ಟಿಲ್ಲ.

ಕಪ್ಪು ಗಾಡಿ ಎಂಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ. ಬಿಳಿಯದಕ್ಕೆ ಒಂಬತ್ತು ಬೇಕು. ಆದರೆ ಬಿಳಿಯದಕ್ಕೆ ಕಣ್ಣಿವೆ. ಕ್ಯಾಮೆರಾ, ರಾಡಾರ್ ಎಂದು ಏನೇನೋ ಇದ್ದು, ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಕಣ್ಣು ದೊಡ್ಡದೋ, ಒಂದು ಸೆಕೆಂಡು ದೊಡ್ಡದೋ? ಶರಣುವಿನ ನಿದ್ದೆ ಹೋಗಿತ್ತು. ಕುರಿ ಹಿಂಡು, ರಸ್ತೆ ಉಬ್ಬು, ನಡುರಸ್ತೆಯಲ್ಲಿ ನಿಂತು ಬೀಗರ ಯೋಗಕ್ಷೇಮ ವಿಚಾರಿಸುವ ಬೈಕುಗಳು, ಇವೆಲ್ಲವನ್ನೂ ದಾಟಿ ಯಲಬುರ್ಗಾ ಮುಟ್ಟುವವನು ಆ ಒಂದು ಸೆಕೆಂಡು ಉಳಿಸಿ ಏನು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ. ಹೆಂಡತಿಯ ತವರು ನೋಡಿ, ಸ್ವಲ್ಪ ಜೋಪಾನ ಬೇಕು.

ಎರಡೂ ಶೋರೂಮಿಗೆ ಫೋನ್ ಮಾಡಿ ಒಂದೇ ಭಾನುವಾರ, ಒಂದೇ ಹೊತ್ತಿಗೆ ಗಾಡಿ ತರಿಸಿದ. ನನ್ನನ್ನೂ ಕೊಪ್ಪಳದಿಂದ ಕರೆಸಿದ.

“ಗಾಡಿ ವಿಷಯ ನನಗೇನ್ ತಿಳೀತೈತೋ?” ಎಂದೆ.

“ಅದಕ್ಕ ಬರ್ರಿ ಮಾಮಾ. ತಿಳದವ್ರು ಭಾಳ ತಲಿ ತಿಂತಾರ.”

ಕಪ್ಪು ಗಾಡಿಯ ಜೊತೆ ಹುಬ್ಬಳ್ಳಿಯ ಸೇಲ್ಸ್‌ಮನ್ ಒಬ್ಬ ಬಂದಿದ್ದ. ಟೈ ಕಟ್ಟಿದ್ದ, ಸೆಂಟು ಹೊಡೆದಿದ್ದ. ಬಿಳಿ ಗಾಡಿಯ ಜೊತೆ ಬಂದಾಕೆ ರೇಣುಕಾ. ಕಂಪನಿಯ ನೀಲಿ ಕೋಟು, ಕೈಯಲ್ಲಿ ಟ್ಯಾಬು. ಮೂಲ ಇಲ್ಲೇ ಹತ್ತಿರದ ಹಳ್ಳಿಯಂತೆ. ಮೊದಲು ಬಿಳಿಯದನ್ನು ಓಡಿಸುವುದೆಂದಾಯಿತು. ಶರಣು ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ರೇಣುಕಾ, ಹಿಂದೆ ನಾನು. ನಮ್ಮ ಹಿಂದೆ ಕಪ್ಪು ಗಾಡಿಯಲ್ಲಿ ಟೈ ಕಟ್ಟಿದವನು. (ಹೆಸರು ಕೇಳಲಿಲ್ಲ, ಟೈ ಎಂದೇ ಕರೆಯುತ್ತೇನೆ.)

ಊರು ದಾಟಿ, ಒಂದು ತಿರುವು ತಿರುಗಿದೆವು. ಎದುರಿಗೆ ರಸ್ತೆ ತುಂಬ ಹುರುಳಿ.

ನಮ್ಮ ಕಡೆ ಡಿಸೆಂಬರಿನಲ್ಲಿ ಓಡಾಡಿದವರಿಗೆ ಇದು ಗೊತ್ತು. ಮೊದಲೆಲ್ಲ ಕಣದ ನಡುವೆ ಮೇಟಿ ಕಂಬ ನೆಟ್ಟು, ಎತ್ತುಗಳನ್ನು ಅದರ ಸುತ್ತ ತಿರುಗಿಸಿ ತೆನೆ ತುಳಿಸುತ್ತಿದ್ದರು. ಅದಕ್ಕೆ ಹಂತಿ ಎನ್ನುತ್ತಿದ್ದರು. ಈಗ ಕಣವೂ ಇಲ್ಲ, ಮೇಟಿಯೂ ಇಲ್ಲ. ಕಿತ್ತ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರಡಿಬಿಡುತ್ತಾರೆ. ಬಸ್ಸು, ಲಾರಿ, ಟಂಟಂ ಹಾಯ್ದು ಹಾಯ್ದು ಕಾಯಿ ಒಡೆಯುತ್ತದೆ. ಇದು ತಪ್ಪು, ಅಪಾಯ, ನಿಲ್ಲಿಸಬೇಕು ಎಂದು ನಾನೇ ಎರಡು ವರ್ಷದ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ಬರೆದಿದ್ದೆ. ಸ್ಕೂಟರಿನಿಂದ ಜಾರಿ ಬಿದ್ದ ವಾರ ಅದು. ಸಿಟ್ಟಿನಲ್ಲಿ ಬರೆದದ್ದಾದರೂ ಸುಳ್ಳು ಬರೆದಿರಲಿಲ್ಲ.

ಕಾರು ಟೀಂ ಟೀಂ ಎಂದಿತು. ಪರದೆ ಕೆಂಪಾಯಿತು. ನಿಂತಿತು. ಹುರುಳಿ ಕಂಡು ನಿಂತಿತೋ, ಹುರುಳಿಯ ಆಚೆ ಬಗ್ಗಿದ್ದ ಹೆಂಗಸನ್ನು ಕಂಡು ನಿಂತಿತೋ, ಅದಕ್ಕೇ ಗೊತ್ತು.

ಆ ಹೆಂಗಸು ಎದ್ದು ಬಂದಳು. ಅರವತ್ತರ ಮೇಲಿನ ವಯಸ್ಸು. ಕೈಯಲ್ಲಿ ಬಳ್ಳಿ ತಿರುವುವ ಕವೆಗೋಲು. ಹೆಸರು ದ್ಯಾಮವ್ವ ಎಂದು ಆಮೇಲೆ ತಿಳಿಯಿತು.

“ಯಾಕ್ ನಿಂತಿ ತಮ್ಮಾ? ಹಾಯಿಸು.”

“ನಾ ನಿಂದರಿಸಿಲ್ಲ ಬೇ ಯವ್ವಾ. ಅದ ನಿಂತೈತಿ.”

“ಅದು ಅಂದ್ರ?”

“ಗಾಡಿ. ಮುಂದ ಏನರ ಇದ್ರ ತಾನ ನಿಂದರತೈತಿ.”

ದ್ಯಾಮವ್ವ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. “ಇಷ್ಟ ದೊಡ್ಡದಾಗಿ ಹುರುಳಿಗೆ ಅಂಜತೈತಾ?”

ನಗಲಿಕ್ಕೆ ಹೇಳಿದ್ದಲ್ಲ. ಆಕೆಗೆ ನಗುವಷ್ಟು ಪುರಸೊತ್ತು ಇರಲಿಲ್ಲ. ಕವೆಗೋಲಿನಿಂದ ಮೂಡಣ ದಿಕ್ಕು ತೋರಿಸಿದಳು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ನಮ್ಮ ಆಕಾಶ ಕಪ್ಪಾಗಿತ್ತು.

“ಐತವಾರ ನೋಡ್ರಿ, ಬಸ್ಸ ಇಲ್ಲ. ಮುಂಜಾನಿಂದ ಎರಡ ಹಾಯ್ದಾವ. ಮಳಿ ಬಂದ್ರ ಕಾಯಿ ಮೆತ್ತಗಾಗಿ ಒಡಿಯಂಗಿಲ್ಲ. ಹೊಟ್ಟು ಕೊಳೀತೈತಿ. ವರ್ಷಾನಗಟ್ಲೆ ನಾವೇನ್ ತಿನ್ನೂನು, ಎತ್ತೇನ್ ತಿನ್ಬೇಕು? ನಾಕ ಸುತ್ತು ಹಾಕಿಕೊಡ್ರಿ, ನಿಮ್ಮದೇನ್ ಹೊಕ್ಕೈತಿ?”

ಶರಣು ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. (ಆಕೆ ಪತ್ರಿಕೆ ಓದುವುದಿಲ್ಲ. ಬದುಕಿಕೊಂಡೆ.)

ಅಷ್ಟರಲ್ಲಿ ಟೈ ಇಳಿದು ಬಂದ. “ಸರ್, ಇವು ಡೆಮೊ ವೆಹಿಕಲ್. ಇದೆಲ್ಲಾ ಅಲೌ ಇಲ್ರಿ.”

“ಏನಂತಾನ ಇವ?” ದ್ಯಾಮವ್ವ ಕೇಳಿದಳು.

“ಗಾಡಿ ಹೊಸಾದು ಅಂತಾನ ಬೇ.”

“ಹುರುಳಿನೂ ಹೊಸಾದ ಐತಿ.”

ಇದಕ್ಕೆ ಹುಬ್ಬಳ್ಳಿಯಲ್ಲಿ ಟ್ರೇನಿಂಗ್ ಕೊಟ್ಟಿರಲಿಲ್ಲ. ಗಾಡಿಯ ಅಡಿಯಲ್ಲಿ ಬಳ್ಳಿ ಸುತ್ತಿಕೊಂಡು ಬೆಂಕಿ ಹತ್ತುತ್ತದೆ ಎಂದ. ಅದು ನಿಜ. ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ ಎಳೆದು ತೆಗೆದರಾಯಿತು, ನಮ್ಮ ಮನೆಯಲ್ಲೂ ಹಾಗೇ ಮಾಡುತ್ತೇವೆ ಎಂದು ರೇಣುಕಾ ಹೇಳಿದಳು. ಹೇಳಿದ್ದಷ್ಟೇ ಅಲ್ಲ, ನೀಲಿ ಕೋಟು ಬಿಚ್ಚಿ ಸೀಟಿನ ಮೇಲಿಟ್ಟಳು.

ಶರಣು ಟೈಗೆ ಒಂದೇ ಮಾತು ಹೇಳಿದ. “ನೋಡ್ರಿ, ನಾ ದಿನಾ ಓಡ್ಯಾಡೋ ರಸ್ತಾ ಇದು. ಇಲ್ಲಿ ಓಡದ ಗಾಡಿ ತಗೊಂಡು ನಾ ಏನ್ ಮಾಡ್ಲಿ?”

ಟೈ ಆಕಾಶ ನೋಡಿದ. ಬಹುಶಃ ತಿಂಗಳ ಟಾರ್ಗೆಟ್ ಅಲ್ಲಿ ಕಂಡಿರಬೇಕು. ಕೊರಳ ಟೈ ಸಡಿಲ ಮಾಡಿಕೊಂಡ.

ಬಿಳಿ ಗಾಡಿಯ ಹಂತಿ ಶುರುವಾಯಿತು. ಹತ್ತು ಮಾರು ಹೋಯಿತು. ಬಳ್ಳಿ ತಿರುವಲು ದ್ಯಾಮವ್ವ ಮುಂದೆ ಬಂದಳು. ಟೀಂ ಟೀಂ. ನಿಂತಿತು. ಆಕೆ ಸರಿದಳು. ಹೋಯಿತು. ಮತ್ತೆ ಬಂದಳು. ಟೀಂ ಟೀಂ.

“ಮತ್ತ ಅಂಜಿತ್ ನೋಡು,” ಎಂದಳು ದ್ಯಾಮವ್ವ.

ಶರಣುವಿಗೆ ಅವಮಾನವಾಯಿತು. ಇನ್ನೂ ಕೊಂಡಿರದ ಗಾಡಿಯ ಅವಮಾನ. “ಮೇಡಂ, ಇದನ್ನ ಆಫ್ ಮಾಡಾಕ ಬರಂಗಿಲ್ಲೇನ್ರಿ?”

“ಬರ್ತೈತ್ರಿ ಸರ್. ಆದ್ರ ಈಗ ಮಾಡಂಗಿಲ್ರಿ. ಯವ್ವ ಮುಂದ ಅದಾಳ.”

ಗಾಡಿ ಮಾರಲು ಬಂದವರು ಗಿರಾಕಿಗೆ ಇಲ್ಲ ಎಂದು ಆ ಮಾತಿಗೇ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅರ್ಧ ಗಂಟೆಯಾದರೂ ಕಾಲುಭಾಗವೂ ಮುಗಿಯಲಿಲ್ಲ. ಗಾಳಿ ತಣ್ಣಗಾಯಿತು. ದ್ಯಾಮವ್ವ ಕವೆಗೋಲು ಊರಿ ನಿಂತು ತೀರ್ಪು ಕೊಟ್ಟಳು. “ಇದು ಸಾಕು. ಆ ಕರೀದು ತರ್ರಿ.”

ಕಪ್ಪು ಗಾಡಿ ಬಂತು. ಅದಕ್ಕೆ ಯಾವ ಅಂಜಿಕೆಯೂ ಇರಲಿಲ್ಲ. ಅಗಲ ಟೈರಿನ ಕೆಳಗೆ ಕಾಯಿಗಳು ಚಟಚಟ ಒಡೆದವು. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ. ಶರಣುವಿನ ಮುಖ ಅರಳಿತ್ತು. ಟೈ ಒಳಗೆ ಕೂತು ಏನನ್ನೋ ವಿವರಿಸುತ್ತಿದ್ದ. ರೇಣುಕಾ ನಾಲ್ಕು ಸುತ್ತಿಗೊಮ್ಮೆ ಗಾಡಿ ನಿಲ್ಲಿಸಿ, ಬಗ್ಗಿ, ಅಡಿಯ ಬಳ್ಳಿ ಎಳೆಯುತ್ತಿದ್ದಳು. ನನಗೂ ಒಂದು ಕಸಬರಿಗೆ ಸಿಕ್ಕಿತ್ತು. ರಸ್ತೆಯ ಅಂಚಿಗೆ ಸಿಡಿದ ಕಾಳನ್ನು ಒಳಗೆ ಗುಡಿಸುವುದು ನನ್ನ ಕೆಲಸ.

ನಡುವೆ ಒಂದು ಬಸ್ಸು ಬಂತು. ಡ್ರೈವರ್ ತಲೆ ಹೊರಗೆ ಹಾಕಿ, “ಏನ್ ಯವ್ವಾ, ರಾಶಿ ಮಾಡಾಕ ಕಾರ್ ಬಾಡಿಗಿ ತಂದೀಯೇನ?” ಎಂದ.

“ಲಗೂ ಹಾಯಿಸೋ. ಮಾತ ಆಮ್ಯಾಲ ಆಡೀಯಂತ.”

ಬಸ್ಸು ಒಂದೇ ಸಲ ಹಾಯ್ದು ಹೋಯಿತು. ನಾವು ಐದು ಸುತ್ತಿನಲ್ಲಿ ಮಾಡಿದ ಕೆಲಸ ಅದು. ಶರಣು ಅದನ್ನು ನೋಡದವನಂತೆ ಗೇರ್ ಬದಲಿಸಿದ.

ಹೊಟ್ಟು ಬದಿಗೆ ಸರಿಸಿ ತಾಡಪತ್ರಿ ಮುಚ್ಚಿದೆವು. ಮಳೆ ತರುವ ಗಾಳಿಯಲ್ಲೇ ಕಾಳು ತೂರಿಯಾಯಿತು. ಚೀಲಗಳನ್ನು ಎರಡೂ ಗಾಡಿಯ ಹಿಂದೆ ಹೇರಿದೆವು. ಬೂಟ್ ಸ್ಪೇಸ್ ಎಷ್ಟು ಲೀಟರ್ ಎಂಬುದು ಶರಣುವಿಗೆ ಬಾಯಿಪಾಠ. ಎಷ್ಟು ಚೀಲ ಎಂಬುದು ಅವತ್ತು ಗೊತ್ತಾಯಿತು. ದ್ಯಾಮವ್ವನ ಪಡಸಾಲೆಯಲ್ಲಿ ಕೊನೆಯ ಚೀಲ ಇಳಿಸಿದಾಗ ಹನಿ ಶುರುವಾಗಿತ್ತು.

ಆಕೆ ರೇಣುಕಾಳ ಉಡಿ ತುಂಬ ಹುರುಳಿ ಹಾಕಿದಳು. ನಮ್ಮ ಕರವಸ್ತ್ರಗಳಿಗೂ ಹಾಕಿದಳು. ಟೈಗೂ ಕೊಟ್ಟಳು. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಆತ ಬ್ರೋಷರ್ ಮಡಚಿ ಪೊಟ್ಟಣ ಕಟ್ಟಿದ.

ಹೊರಡುವಾಗ ಶರಣುವಿಗೆ ಹೇಳಿದಳು. “ತಮ್ಮಾ, ಕರೀದ ತಗೋ. ಕೆಲಸದ್ದೈತಿ. ಆ ಅಂಜುಬುರಕ ಬಿಳೀದು ಮನಿ ಮುಂದ ನಿಂದರಿಸಾಕ ಛಲೋ.”

ಆರು ತಿಂಗಳ ಯೂಟ್ಯೂಬಿಗೆ ಬಗೆಹರಿಯದ್ದು ಒಂದು ಮುಂಜಾನೆಯಲ್ಲಿ ಬಗೆಹರಿಯಿತು ಎಂದುಕೊಂಡು ನಾನು ಕೊಪ್ಪಳದ ಬಸ್ಸು ಹತ್ತಿದೆ.

ಮಂಗಳವಾರ ಶರಣುವಿನ ಫೋನು ಬಂತು. “ಬುಕ್ ಮಾಡಿದೆ ಮಾಮಾ.”

“ಕರೀದಲ್ಲಾ?”

“ಅಲ್ರಿ. ಬಿಳೀದು.”

ಯಾಕೋ ಎಂದೆ.

“ಬಿಳೀದು ಓಡಸಾಗ ಆ ಯವ್ವ ಎಲ್ಲಿ ಅದಾಳ ಅಂತ ನನಗ ಗೊತ್ತಿರತಿತ್ರಿ. ಅದ ನಿಂತು ನಿಂತು ತೋರಸ್ತಿತ್ತು. ಕರೀದು ಓಡಸಾಗ ಭಾಳ ಮಜಾ ಬಂತು. ಕಾಯಿ ಒಡಿಯೋ ಸಪ್ಪಳ ಕೇಳಿಕೋತ ಕುಂತಿದ್ದೆ. ಅಷ್ಟ ಸುತ್ತಿನಾಗ ಒಮ್ಮಿನೂ ಆಕಿ ಎಲ್ಲಿ ಅದಾಳ ಅಂತ ನಾ ನೋಡಲಿಲ್ರಿ ಮಾಮಾ.”

ಕಸಬರಿಗೆ ಹಿಡಿದು ನಿಂತಿದ್ದ ನನಗೆ ಆಕೆ ಎಲ್ಲಿದ್ದಳೆಂದು ಗೊತ್ತಿತ್ತು. ಟೈರಿನಿಂದ ಎರಡು ಮೊಳ ದೂರದಲ್ಲಿ ಬಗ್ಗಿ ಬಳ್ಳಿ ತಿರುವುತ್ತಿದ್ದಳು. ಒಂದು ಸಲವಲ್ಲ, ಪ್ರತಿ ಸುತ್ತಿಗೂ. ನಾನು ಕೂಗಲಿಲ್ಲ. ಮಳೆಗೆ ಮೊದಲು ಮುಗಿಯಲಿ ಎಂದು ಆಕೆಗೆ ಎಷ್ಟು ಅವಸರವಿತ್ತೋ ನನಗೂ ಅಷ್ಟೇ ಇತ್ತು. ಅವತ್ತು ಆ ರಸ್ತೆಯಲ್ಲಿ ಆಕೆಗೆ ಏನೂ ಆಗದಿರಲಿ ಎಂದು ಕಣ್ಣಿಟ್ಟಿದ್ದವರು ಇಬ್ಬರೇ. ಒಬ್ಬಳು ರೇಣುಕಾ. ಇನ್ನೊಂದು ಬಿಳಿ ಗಾಡಿ.

ಗಾಡಿ ಇನ್ನು ಹದಿನೈದು ದಿನಕ್ಕೆ ಬರುತ್ತದಂತೆ. ಶರಣು ಆ ದಾರಿಯಲ್ಲೇ ಓಡಾಡಬೇಕು, ದ್ಯಾಮವ್ವನ ಮನೆ ರಸ್ತೆಗೇ ಇದೆ. “ನಾ ಕರೀದ ತಗೋ ಅಂದ್ರ ಈ ಅಂಜುಬುರಕನ್ನ ಯಾಕ್ ತಂದ್ಯೋ ತಮ್ಮಾ?” ಎಂದು ಆಕೆ ಕೈ ಅಡ್ಡ ಹಾಕಿ ಕೇಳಿಯೇ ಕೇಳುತ್ತಾಳೆ.

ನಿನ್ನ ಸಲುವಾಗಿ ಎಂದು ಆಕೆಗೆ ಹೇಳುವುದು ಹೇಗೆ?