ಪದ್ದುವಿನ ಮುಳ್ಳು ಇಳಿದ ದಿನ

ನಳಿನಾಕ್ಷಿಯ ಜೊತೆ ವಾದಕ್ಕಿಳಿದು ಗೆದ್ದವರನ್ನು ನೆರೂಳಿನಲ್ಲಿ ಯಾರೂ ಕಂಡಿಲ್ಲ. ಮುಲ್ಕಿಯಿಂದ ಮದುವೆಯಾಗಿ ಬಂದವಳು. ಗಂಡ ಚೆನ್ನಯ ವಾಶಿಯ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದರೆ ಇವಳು ಮನೆಯಲ್ಲೇ ಎಲೆಯ ಕೊಟ್ಟೆಗಳಲ್ಲಿ ಮೂಡೆ, ಕೊಟ್ಟಿಗೆ ಕಡುಬು ಬೇಯಿಸಿ ಊರಿನವರ ಸಮಾರಂಭಗಳಿಗೆ ಕೊಡತೊಡಗಿದಳು. ಬಿಸಿ ಪಾತ್ರೆ ಹಿಡಿದು ಲೋಕಲ್ ರೈಲು ಹತ್ತಿ ಬೈಗುಳ ತಿಂದು ಸಾಕಾಗಿ, ನಲವತ್ತು ದಾಟಿದ ಮೇಲೆ ಸೀವುಡ್ಸಿನ ಖಾಲಿ ರಸ್ತೆಗಳಲ್ಲಿ ಡ್ರೈವಿಂಗ್ ಕಲಿತಳು. ಹಳೆಯದೊಂದು ಪದ್ಮಿನಿ ಕಾರು ಮನೆಗೆ ಬಂತು. ಅದಕ್ಕೆ ಪದ್ದು ಎಂದು ಹೆಸರಿಟ್ಟದ್ದೂ ಅವಳೇ. ಪದ್ದು ಬಂದ ಮೇಲೆ ಡೊಂಬಿವಲಿ, ಕಲ್ಯಾಣದ ಆರ್ಡರುಗಳೂ ಬಂದವು. ಪದ್ದು ಹೋದರೆ ಅವೂ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಪದ್ದುವಿಗೆ ಜ್ವರ ಹಿಡಿಯಿತು. ಎಂಜಿನ್ ಬಿಸಿ ತೋರಿಸುವ ಮುಳ್ಳು ಒಮ್ಮೆ ಕೆಂಪಿಗೆ ಹತ್ತುವುದು, ಒಮ್ಮೆ ತಾನಾಗಿ ಕೆಳಗೆ ಬೀಳುವುದು. ಗ್ಯಾರೇಜಿನವನು ಪ್ರತಿ ಸಲ ನೀರು ತುಂಬಿಸಿ, "ಇಂಜನ್ ಖೋಲ್ನಾ ಪಡೇಗಾ," ಎಂಜಿನ್ನೇ ಬಿಚ್ಚಬೇಕು, ಎಂದು ತಲೆ ಅಲ್ಲಾಡಿಸುತ್ತಿದ್ದ. ಕಾರು ಮಾರಿಬಿಡಲು ಚೆನ್ನಯನಿಗೆ ಅಷ್ಟೇ ಬೇಕಿತ್ತು. ಕಳಂಬೋಲಿಯ ಗುಜರಿಯವನನ್ನು ಆಗಲೇ ಮಾತಾಡಿಸಿ ಬಂದಿದ್ದ.

"ಇವತ್ತು ಡೊಂಬಿವಲಿಗೆ ಸರಿಯಾಗಿ ಮುಟ್ಟಿದರೆ ಇಟ್ಟುಕೋ. ದಾರಿಯಲ್ಲಿ ಕೈಕೊಟ್ಟರೆ ಸೀದಾ ಕಳಂಬೋಲಿ. ಆಯ್ತಾ ಮಾರಾಯ್ತಿ?" ಎಂದ.

"ಆಯ್ತು. ಮತ್ತೆ ಮಾತು ತಿರುಗಿಸಬೇಡಿ," ಎಂದಳು ನಳಿನಾಕ್ಷಿ.

ಅಂದು ಡೊಂಬಿವಲಿಯಲ್ಲಿ ಸೀಮಂತ. ಡಿಕ್ಕಿಯಲ್ಲಿ ಹಿಟ್ಟು, ಎಲೆಯ ಕೊಟ್ಟೆಗಳು, ಕುಡಿಯುವ ನೀರಿನ ಕ್ಯಾನು. ನಳಿನಾಕ್ಷಿಯ ಪಕ್ಕದಲ್ಲಿ ಚೆನ್ನಯ. ಹಿಂದಿನ ಸೀಟಿನಲ್ಲಿ ಮಗಳು ನಿಶ್ಮಿತಾ, ಅವಳ ತೊಡೆಯ ಮೇಲೆ ಹಬೆಯಲ್ಲಿ ಬೇಯಿಸುವ ತೊಂದೂರು. ಮಹಾಪೆ ದಾಟಿ ಶಿಳ್‌ಫಾಟಾದ ಏರು ಹತ್ತುವಾಗ ಟ್ರಕ್ಕುಗಳ ಸಾಲು ನಿಂತುಬಿಟ್ಟಿತು. ಮುಳ್ಳು ಮೆಲ್ಲಗೆ ಏರಿತು. ಅರ್ಧ, ಮುಕ್ಕಾಲು, ಕೆಂಪಿನ ಅಂಚು. ಚೆನ್ನಯ ಮುಳ್ಳನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದ, ಆ ನೋಟದಲ್ಲೇ ಕಳಂಬೋಲಿ ಇತ್ತು.

ಅಷ್ಟರಲ್ಲಿ ಮುಳ್ಳು ಸರ್ರನೆ ಇಳಿದು ತಳಕ್ಕೆ ಕೂತಿತು.

"ಹೋ! ತಣ್ಣಗಾಯ್ತಲ್ಲ! ಹೊಡಿ, ಹೊಡಿ," ಎಂದ ಚೆನ್ನಯ. ಪಾಪ, ಅವನಿಗೂ ಖುಷಿಯೇ ಆಗಿತ್ತು.

"ಮಮ್ಮಿ, ಠಂಡಾ ಹೋ ಗಯಾ, ಚಲೋ ನಾ," ಎಂದಳು ನಿಶ್ಮಿತಾ.

ನಳಿನಾಕ್ಷಿಗೆ ಮಾತ್ರ ನಂಬಿಕೆ ಬರಲಿಲ್ಲ. ಏರಿನಲ್ಲಿ, ಈ ಬಿಸಿಲಿನಲ್ಲಿ, ನಿಂತಲ್ಲೇ ನಿಂತ ಗಾಡಿ ತಣ್ಣಗಾಗುವುದುಂಟೇ? ಅಮ್ಮನ ಅಡುಗೆಮನೆ ನೆನಪಾಯಿತು. ತೊಂದೂರಿನ ತಳದ ನೀರಿಗೆ ಅಮ್ಮ ಒಂದು ನಾಣ್ಯ ಹಾಕುತ್ತಿದ್ದಳು. ನೀರು ಕುದಿಯುವಷ್ಟು ಹೊತ್ತೂ ಅದು ಟಕಟಕ ಎನ್ನುತ್ತದೆ. ಸದ್ದು ನಿಂತರೆ ಒಲೆ ಶಾಂತವಾಯಿತೆಂದಲ್ಲ, ನೀರು ಬತ್ತಿತೆಂದು. ಇನ್ನು ಪಾತ್ರೆ ಸುಡುವುದೊಂದೇ ಬಾಕಿ.

"ನೀರೇ ಇಲ್ಲದಿದ್ದರೆ ಮುಳ್ಳಿಗೆ ಬಿಸಿ ಮುಟ್ಟುವುದು ಎಲ್ಲಿಂದ?" ಎಂದವಳೇ ಗಾಡಿಯನ್ನು ಬದಿಗೆ ಎಳೆದು ಎಂಜಿನ್ ಬಂದ್ ಮಾಡಿದಳು. ಹಿಂದಿನವರ ಹಾರ್ನಿಗೆ ಕಿವಿಗೊಡಲಿಲ್ಲ.

ಬಾನೆಟ್ ಎತ್ತಿದರೆ ಒಲೆಯ ಬಾಯಿಯ ಹಾಗೆ ಝಳ. ಚೆನ್ನಯ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಅವಳು ಫಟ್ಟನೆ ಆ ಕೈಗೆ ಹೊಡೆದಳು.

"ಹಬೆ ಇರುವಾಗ ಮುಚ್ಚಳ ತೆಗೀತಾರಾ? ಮನೆಯಲ್ಲಿ ನಾನು ಕಲಿಸಿದ್ದು ಎಂತದು?"

ಝಳವೆಲ್ಲ ಆರುವವರೆಗೆ ಕಾದರು. ಆಮೇಲೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ ಇಣುಕಿದಳು. ಒಳಗೆ ನೀರಿನ ಹೊಳಪೇ ಇಲ್ಲ. ಕೆಳಗಿನ ರಬ್ಬರ್ ಪೈಪಿನ ಬಾಯಿ ಮಾತ್ರ ಒದ್ದೆ. ಅದನ್ನು ಹಿಡಿದಿದ್ದ ಕ್ಲಿಪ್ಪು ಸಡಿಲವಾಗಿತ್ತು. ಪದ್ದು ಇಷ್ಟು ದಿನವೂ ಹನಿಹನಿಯಾಗಿ ನೀರು ಕಳೆದುಕೊಳ್ಳುತ್ತಿದ್ದಳು. ಎಂಜಿನ್ ಬಿಚ್ಚಬೇಕಂತೆ, ಎಂಜಿನ್!

"ಸ್ಕ್ರೂ ತಿರುಗಿಸಲಿಕ್ಕೆ ಏನುಂಟು?" ಚೆನ್ನಯ ಕಿಸೆ ತಡವಿದ. ಏನೂ ಇರಲಿಲ್ಲ.

ನಳಿನಾಕ್ಷಿ ತೊಂದೂರಿನ ತಳಕ್ಕೆ ಕೈ ಹಾಕಿ, ಅಮ್ಮ ಕೊಟ್ಟ ಸವೆದ ನಾಣ್ಯವನ್ನು ಹೆಕ್ಕಿದಳು. ಅದರ ಅಂಚು ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂತಿತು. ಬಿಗಿಯಾಗಿ ತಿರುಗಿಸಿದಳು. ಸೀಮಂತದ ಕ್ಯಾನಿನಿಂದ ಪದ್ದುವಿಗೆ ಮೆಲ್ಲ ಮೆಲ್ಲನೆ ನೀರು ಕುಡಿಸಿದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಗಾಡಿ ಹೊರಟಿತು. ಮೂವರ ಕಣ್ಣೂ ಮುಳ್ಳಿನ ಮೇಲೆ. ಅದು ತಳದಿಂದ ಎದ್ದಿತು, ನಡುವಿಗೆ ಬಂತು, ಅಲ್ಲೇ ನಿಂತಿತು.

"ಏರಿತು! ಏರಿತು!" ಎಂದು ನಳಿನಾಕ್ಷಿ ಸ್ಟೇರಿಂಗಿಗೆ ಬಡಿದು ಕೂಗಿದಳು. ಮುಳ್ಳು ಏರಿದ್ದಕ್ಕೆ ಇಷ್ಟು ಹಿಗ್ಗಿದವರು ಆ ರಸ್ತೆಯಲ್ಲಿ ಮತ್ತೊಬ್ಬರಿರಲಾರರು. ಏರು ಮುಗಿಯಿತು, ಮುಳ್ಳು ಕದಲಲಿಲ್ಲ.

ಡೊಂಬಿವಲಿಯ ಹಾಲ್ ಮುಟ್ಟಿದಾಗ ಶಾಸ್ತ್ರ ಇನ್ನೂ ನಡೆಯುತ್ತಿತ್ತು. ತೊಂದೂರನ್ನು ಒಲೆಗೇರಿಸಿದ್ದು ಚೆನ್ನಯನೇ. ನೀರು ಹೊಯ್ದು, ನಾಣ್ಯದ ಎಣ್ಣೆಜಿಡ್ಡನ್ನು ಚೆನ್ನಾಗಿ ಉಜ್ಜಿ ತೊಳೆದು ತಳಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಟಕಟಕ ಶುರುವಾಯಿತು.

"ಎಂತ ಹೇಳ್ತಾ ಉಂಟು ಅದು?" ನಳಿನಾಕ್ಷಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಕಳಂಬೋಲಿಯವನಿಗೆ ಫೋನ್ ಮಾಡಿ ಬೇಡ ಅಂತ ಹೇಳು, ಅಂತ," ಎಂದು ಚೆನ್ನಯ ಮೊಬೈಲ್ ತೆಗೆದ.