ಐವತ್ತು ದಾಟಿದರೆ ನಡುಕ

ಹೊಸ ಟೈರಿನ ವಾಸನೆ ಕೆಲವರಿಗೆ ಇಷ್ಟವಂತೆ. ನನಗೆ ಅದು ಮೂಗಿಗೆ ಬಿದ್ದ ಕೂಡಲೇ ಅಂಗೈ ಬೆವರುತ್ತದೆ. ಮೊನ್ನೆ ಕಾರಿನ ಟೈರು ಬದಲಿಸಲೆಂದು ಜಾಲಹಳ್ಳಿಯ ಅಂಗಡಿಯೊಂದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾಗಲೂ ಹಾಗೇ ಆಯಿತು. ಆ ವಾಸನೆಯ ಬೆನ್ನಿಗೇ ಬೈಕಿನ ಕಾಲದ ಹಳೆಯ ಅನುಮಾನಗಳೆಲ್ಲ ಸಾಲುಗಟ್ಟಿ ಬಂದವು. ಗಾಳಿ ಹೆಚ್ಚಾಗಿರಬಹುದು, ಇಲ್ಲವೇ ಕಡಿಮೆಯಾಗಿರಬಹುದು. ಟ್ಯೂಬು ಒಳಗೆ ಮಡಚಿಕೊಂಡಿರಬಹುದು. ಟೈರನ್ನೇ ತಿರುವುಮುರುವಾಗಿ ಹಾಕಿರಬಹುದು. ರಿಮ್ಮು ಡೊಂಕಾಗಿರಬಹುದು, ಕಡ್ಡಿ ಸಡಿಲವಾಗಿರಬಹುದು, ಬೇರಿಂಗು ಸವೆದಿರಬಹುದು, ಹಿಂದಿನ ಚಕ್ರ ಸೊಟ್ಟಗೆ ಕೂತಿರಬಹುದು. ತುಮಕೂರು ರಸ್ತೆಯೇ ಸೊಟ್ಟಗಿರಬಹುದು. ಅಥವಾ ನನಗೇ ಯಾವುದೋ ನರದ ಕಾಯಿಲೆ ಶುರುವಾಗಿರಬಹುದು...

ನಾಗಸಂದ್ರದಲ್ಲಿ ನಾವು ಬಾಡಿಗೆಗಿದ್ದ ಕಾಲ ಅದು. ಮೆಟ್ರೋ ಕಂಬಗಳಿನ್ನೂ ಎದ್ದಿರಲಿಲ್ಲ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಮಹಡಿ ಮೇಲೆ ನಾವಿಬ್ಬರು, ಕೆಳಗೆ ನಮ್ಮ ಓನರಮ್ಮ. ಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರು ಬೆಳೆಯುತ್ತಾರೆ ಎಂದು ತಾವೇ ನಗುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬೆಳಿಗ್ಗೆ ನೀರಿನ ಸಂಪಿನ ಕಟ್ಟೆಯ ಮೇಲೆ ಕೂತರೆಂದರೆ ಕಾಂಪೌಂಡಿನೊಳಗಿನ ಯಾವ ಸಂಗತಿಯೂ ಅವರ ಅಪ್ಪಣೆಯಿಲ್ಲದೆ ನಡೆಯುವಂತಿರಲಿಲ್ಲ.

ಹೆಂಡತಿಗೆ ಆಗ ಏಳನೇ ತಿಂಗಳು. ಯಶವಂತಪುರದ ಕಡೆಯ ಆಸ್ಪತ್ರೆಗೆ ನನ್ನ ಬೈಕಿನಲ್ಲೇ ಹೋಗಿಬರುತ್ತಿದ್ದೆವು. ಅವಳ ಹೊಟ್ಟೆ ದೊಡ್ಡದಾದಂತೆ ನನ್ನ ಕಣ್ಣಿಗೆ ಗಾಡಿಯ ಟೈರುಗಳು ಬೋಳಾಗುತ್ತ ಹೋದವು. ಇನ್ನೂ ಆರು ತಿಂಗಳು ಓಡುತ್ತವೆ ಎಂದು ಪಂಚರ್ ಅಂಗಡಿಯವನು ಹೇಳಿದರೂ ಕೇಳದೆ ಎರಡನ್ನೂ ಬದಲಿಸಿದೆ. ಸಂದಿಗಳಲ್ಲೇ ಮನೆಗೆ ಬಂದೆ. ಎಲ್ಲ ಸರಿಯಿತ್ತು. ಮರುದಿನ ಕೆಲಸಕ್ಕೆ ಹೊರಟು ದೊಡ್ಡ ರಸ್ತೆಗೆ ಇಳಿದು ವೇಗ ಐವತ್ತು ದಾಟಿದ್ದೇ ತಡ, ಹ್ಯಾಂಡಲ್ ಕೈಯೊಳಗೆ ಗಡಗಡ ನಡುಗತೊಡಗಿತು. ನಲವತ್ತಕ್ಕಿಳಿಸಿದರೆ ಸಾಧು ಪ್ರಾಣಿ. ಮತ್ತೆ ಐವತ್ತಾದರೆ ಅದೇ ನಡುಕ.

ಅಂಗಡಿಯವನು ಟೈರು ಬಿಚ್ಚಿ ಮತ್ತೆ ಹಾಕಿದ. ಹೋಗಲಿಲ್ಲ. ಗಾಳಿ ಇಳಿಸಿದ, ಏರಿಸಿದ. ಹೋಗಲಿಲ್ಲ. ಮೆಕ್ಯಾನಿಕ್ ಬೇರಿಂಗು ನೋಡಿದ, ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡಿದ, ಅಡ್ಡರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಆ ಅಡ್ಡರಸ್ತೆಯಲ್ಲಿ ಮೂವತ್ತರ ಮೇಲೆ ಹೋಗಲು ನಾಯಿಗಳೇ ಬಿಡುತ್ತಿರಲಿಲ್ಲ.

“ಗಾಡಿ ಬೆಣ್ಣೆ ಥರ ಇದೆ ಸಾರ್. ನಿಮ್ ಕೈಯೇ ನಡುಗ್ತಿರ್ಬೋದು, ಒಂದ್ಸಲ ಬೀಪಿ ನೋಡಿಸ್ಕೊಳಿ” ಅಂದ.

ಹೋಗಿ ನೋಡಿಸಿಕೊಂಡೆ. ನಾನು ಅಂಥವನೇ. ಬೀಪಿ ಸರಿಯಿತ್ತು. ಅದರಿಂದ ಗಾಬರಿ ಇನ್ನಷ್ಟು ಹೆಚ್ಚಿತು.

“ಐವತ್ತು ದಾಟಿದ್ರೆ ತಾನೇ? ನಲವತ್ತರಲ್ಲೇ ಹೋಗ್ರೀ” ಅಂದಳು ಹೆಂಡತಿ.

“ತುಮಕೂರು ರೋಡಲ್ಲಿ ನಲವತ್ತರಲ್ಲಿ ಹೋದ್ರೆ ಹಿಂದಿನ ಲಾರಿಯೋನು ನಮ್ಮನ್ನ ಸೀದಾ ಆಸ್ಪತ್ರೆಗೇ ಕಳಿಸ್ತಾನೆ.”

“ಒಳ್ಳೇದೇ ಆಯ್ತಲ್ಲ. ಹೋಗ್ಬೇಕಾಗಿರೋದೂ ಅಲ್ಲಿಗೇ.”

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ನಡುಗುವ ಗಾಡಿಯ ಮೇಲೆ ಅವಳನ್ನು ಹೇಗೆ ಕೂರಿಸುವುದು? ಕೂರಿಸದಿದ್ದರೆ, ಹೊತ್ತಲ್ಲದ ಹೊತ್ತಿನಲ್ಲಿ ನೋವು ಕಾಣಿಸಿಕೊಂಡರೆ? ನಮ್ಮ ಗಲ್ಲಿಯೊಳಗೆ ಆಟೋದವರು ಬರುತ್ತಿದ್ದುದು ಅವರ ಮನಸ್ಸು ಬಂದಾಗ ಮಾತ್ರ. ಆ ತಿಂಗಳ ತಪಾಸಣೆಗೆ ಓನರಮ್ಮನೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸೀಟು ಬಿಡದೆ ಕೂತಿದ್ದ ಗಂಡಸೊಬ್ಬನಿಗೆ ಅವರು ಮಾಡಿದ ಮಂಗಳಾರತಿಯನ್ನು ಹೆಂಡತಿ ಸಂಜೆಯಿಡೀ ವರ್ಣಿಸಿದಳು.

ನನಗೂ ಒಂದು ಪಾಲು ಸಿಕ್ಕಿತು. “ಏನಪ್ಪ, ನಿನ್ ಗಾಡಿ ಚಳಿ ಬಿಡ್ತೋ ಇಲ್ವೋ? ಬಸುರಿ ಎಂಗ್ಸನ್ನ ಬಸ್ಸಿಗೆ ಅತ್ತಿಸ್ತೀಯಲ್ಲ, ಗಂಡ್ಸಾ ನೀನು?”

ಭಾನುವಾರ ಅಂಗಳದಲ್ಲಿ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ನಿನ ಕೆಳಗೆ ಇಟ್ಟಿಗೆ ಕೊಟ್ಟು, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿದೆ. ಇನ್ನೇನು ಮಾಡುವುದೆಂದು ತೋಚದೆ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತೆ. ಅದು ತಿರುಗಿ, ನಿಧಾನವಾಗಿ, ಆ ಕಡೆ ಈ ಕಡೆ ತೂಗಾಡಿ ನಿಂತಿತು. ಮತ್ತೆ ತಿರುಗಿಸಿದೆ. ಮತ್ತೆ ಅದೇ ಜಾಗ ಕೆಳಗೆ ಬಂದು ನಿಂತಿತು. ಎಷ್ಟು ಸಲ ತಿರುಗಿಸಿದರೂ ಅದೇ ಜಾಗ. ಆ ಜಾಗದಲ್ಲಿ, ರಿಮ್ಮಿಗೆ ಹತ್ತಿರವಾಗಿ, ಕಡ್ಡಿಗೆ ಕಪ್ಪು ಬಟ್ಟೆಯ ಚಿಕ್ಕ ಗಂಟೊಂದನ್ನು ಕಪ್ಪು ದಾರದಲ್ಲಿ ಬಿಗಿಯಾಗಿ ಕಟ್ಟಿತ್ತು.

ಅದನ್ನು ನಾನು ನೋಡಿಯೇ ಇರಲಿಲ್ಲವೆಂದಲ್ಲ. ಅಂಗಡಿಯವನು ನೋಡಿದ್ದ, ಮೆಕ್ಯಾನಿಕ್ಕೂ ನೋಡಿದ್ದ. ಆದರೆ ದೃಷ್ಟಿ ದಾರವನ್ನು ಗಾಡಿಯ ಭಾಗವೆಂದು ಯಾರು ಎಣಿಸುತ್ತಾರೆ? ಕಟ್ಟಿದವರಿಗಲ್ಲದೆ ಇನ್ನೊಬ್ಬರಿಗೆ ಅದನ್ನು ಬಿಚ್ಚುವ ಧೈರ್ಯವೂ ಇರುವುದಿಲ್ಲ. ಅಂಗಡಿಯವನು ಹಾಕಿದ್ದೆಂದು ನಾನು, ನಾನು ಹಾಕಿದ್ದೆಂದು ಅವನು. ಎಲ್ಲರೂ ಅದರ ಸುತ್ತಲೇ ಕೈಯಾಡಿಸಿ ಕೆಲಸ ಮಾಡಿದ್ದೆವು.

ಬ್ಲೇಡು ತಂದು ದಾರಕ್ಕೆ ಇಟ್ಟಿದ್ದೆ ಅಷ್ಟೆ. ಸಂಪಿನ ಕಟ್ಟೆಯಿಂದ ಕೂಗು ಬಂತು. “ಏಯ್, ಕುಯ್ಬ್ಯಾಡ ಕಣಪ್ಪ! ನಾನೇ ಕಟ್ಟಿರೋದು ಅದ!”

ಎದ್ದು ಬಂದವರು ಗಂಟನ್ನು ತಾವೇ ಬಿಚ್ಚಿದರು. ನಾನು ನಿಂಬೆಹಣ್ಣಿನ ಬೀಜವೋ ತಾಯತವೋ ಇರಬಹುದೆಂದುಕೊಂಡಿದ್ದೆ. ಒಳಗಿದ್ದದ್ದು ಒಂದು ನಟ್ಟು. ಹಳೆಯದು, ದಪ್ಪನೆಯದು, ಅಂಚುಗಳು ಸವೆದದ್ದು.

“ನಮ್ಮೆಜಮಾನ್ರ ಸೈಕಲ್ದು” ಅಂದರು. “ಈ ರೋಡಲ್ಲೇ ದಿನಾ ಫ್ಯಾಕ್ಟ್ರಿಗೆ ಓಗ್ಬಂದ್ರು. ಆ ಸೈಕಲ್ಲು ಒಂದಿನಾನೂ ಬೀಳ್ಲಿಲ್ಲ ಕಣಪ್ಪ. ಅವ್ರು ಓದ್ರು, ಸೈಕಲ್ಲೂ ಗುಜರಿಗೋಯ್ತು, ಇದೊಂದು ಇಟ್ಕಂಡಿದ್ದೆ. ಒಸ ಚಕ್ರ ಆಕ್ಸಿದ್ಯಲ್ಲ, ಬಸುರಿ ಕೂರೋ ಗಾಡಿ, ಇರ್ಲಿ ಅಂತ...”

ನಾನು ಬ್ಲೇಡು ಹಿಡಿದುಕೊಂಡೇ ನಿಂತಿದ್ದೆ. ಎಲ್ಲೋ ಒಂದು ನಟ್ಟು ಸಡಿಲವಾಗಿದೆಯೆಂದು ವಾರವಿಡೀ ಹುಡುಕಿದವನಿಗೆ ಸಿಕ್ಕಿದ್ದು ಒಂದು ಹೆಚ್ಚಿನ ನಟ್ಟು. ಗಾಡಿಯನ್ನು ನಡುಗಿಸುತ್ತಿದ್ದುದು ಇದರ ಭಾರವೇ ಎಂದು ಆ ಮುಖಕ್ಕೆ ಹೇಗೆ ಹೇಳಲಿ? ಹೇಳದೆ ಹೆಂಡತಿಯನ್ನು ಹೇಗೆ ಕೂರಿಸಲಿ? ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಅಂದಳು:

“ಅಮ್ಮಾ, ಗಾಡಿ ಓಡಿಸೋದು ಇವ್ರು. ಕೂರೋದು ನಾನಲ್ವಾ? ಅದನ್ನ ನನ್ ಸೀಟಿನ ಕೆಳಗೆ ಇಡಿ.”

ಓನರಮ್ಮ ನಟ್ಟನ್ನು ಮತ್ತೆ ಬಟ್ಟೆಗೆ ಸುತ್ತಿದರು. “ಅದೂ ದಿಟವೇ” ಅಂದರು. ನಟ್ಟು ಸೀಟಿನಡಿಗೆ ಹೋಯಿತು. ನಾನು ಆಗಲೇ ದೊಡ್ಡ ರಸ್ತೆಗೆ ಹೋಗಿ ಅರವತ್ತರವರೆಗೆ ಓಡಿಸಿದೆ. ಹ್ಯಾಂಡಲ್ ಅಲುಗಲಿಲ್ಲ. ವಾಪಸು ಬಂದಾಗ ಓನರಮ್ಮ ಗೇಟಿನಲ್ಲೇ ನಿಂತಿದ್ದರು.

“ನೋಡ್ದಾ? ಜಾಗ ಬದಲಾಯಿಸಿದ್ದಕ್ಕೆ ಚಳಿ ಬಿಡ್ತು! ನಿನ್ ಮೆಕಾನಿಕ್ಕಿಗೇಳು, ಕಲ್ತ್ಕಳ್ಳಿ.”

ತಮ್ಮ ನಟ್ಟು ಗಾಡಿಯನ್ನು ವಾಸಿಮಾಡಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ತಿದ್ದಲಿಲ್ಲ. ಹೇಳಿದ್ದರಲ್ಲಿ ಸುಳ್ಳಾದರೂ ಎಲ್ಲಿತ್ತು?

ನೋವು ಬಂದ ದಿನ ಮಾತ್ರ ಅದೃಷ್ಟಕ್ಕೆ ಆಟೋ ಸಿಕ್ಕಿತು. ಓನರಮ್ಮ ಸೀಟಿನಡಿಯಿಂದ ನಟ್ಟನ್ನು ತೆಗೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಟೋ ಹತ್ತಿ ಅವಳ ಪಕ್ಕ ಕೂತರು. ನಾನು ಬೈಕಿನಲ್ಲಿ ಒಬ್ಬನೇ ಹಿಂದೆ ಹೋದೆ. ಮಗಳು ಹುಟ್ಟಿದಳು. ಆಮೇಲೆ ನಟ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾವು ಮನೆ ಬಿಟ್ಟು ಬಂದಮೇಲೆ ಹಬ್ಬಕ್ಕೊಮ್ಮೆ ಹೋಗಿಬರುತ್ತಿದ್ದೆವು, ಆಮೇಲೆ ಬರೀ ಫೋನು, ಆಮೇಲೆ ಅದೂ...

ಮೊನ್ನೆ ಅಂಗಡಿಯವನು ಕಾರಿನ ಚಕ್ರವನ್ನು ಯಂತ್ರಕ್ಕೆ ಏರಿಸಿ ತಿರುಗಿಸಿದ. ಪರದೆಯ ಮೇಲಿನ ಅಂಕಿ ನೋಡಿ, ರಿಮ್ಮಿನ ಅಂಚಿಗೆ ಲೋಹದ ಸಣ್ಣ ತುಂಡೊಂದನ್ನು ಬಡಿದು ಕೂರಿಸಿದ.

“ಇದ್ಯಾಕಪ್ಪ?”

“ಭಾರ ಕಟ್ಬೇಕು ಸಾರ್. ಇಲ್ಲಾಂದ್ರೆ ಸ್ಪೀಡಲ್ಲಿ ನಡುಗುತ್ತೆ.”

ನನಗೆ ನಗು ತಡೆಯಲಾಗಲಿಲ್ಲ. ಅಮ್ಮಾ, ಭಾರ ಕಟ್ಟಿದ್ದೇನೋ ಸರಿಯೇ ಅಂತೆ, ಜಾಗ ಮಾತ್ರ ಯಂತ್ರವನ್ನು ಕೇಳಬೇಕಿತ್ತಂತೆ ಎಂದು ಹೇಳಬೇಕು, ಅದಕ್ಕೆ ಅವರಿಂದ ಬೈಸಿಕೊಳ್ಳಬೇಕು ಅನಿಸಿತು. ಅದೇ ಹುರುಪಿನಲ್ಲಿ ಹೊರಟವನು ನಾಗಸಂದ್ರಕ್ಕೆ ಬಂದು, ಅವರ ಬೀದಿಗೆ ಕಾರು ತಿರುಗಿಸಿಯೂ ಬಿಟ್ಟಿದ್ದೆ. ಸಂಪಿನ ಕಟ್ಟೆ ಇದ್ದಲ್ಲಿ ಯಾರದೋ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಆಗ ನೆನಪಾಯಿತು, ಅವರು ತೀರಿಹೋಗಿ ಕೆಲವು ವರ್ಷಗಳೇ ಆದವು ಎಂದು.